ಕಾಂಪೌಂಡು ದಾಟಿದರೆ ಔಟು

ಹೋದ ಮಂಗಳವಾರ ಬೆಳಿಗ್ಗೆ ಏಳೂಕಾಲರ ಹೊತ್ತಿಗೆ ನಾನು ನಮ್ಮ ಬೀದಿಯ ಪಾರ್ಕಿನಲ್ಲಿ, ನೆಲದಿಂದ ಒಂದಡಿ ಮೇಲೆ, ಬಲಗಾಲನ್ನು ಪೂರ್ವಕ್ಕೂ ಎಡಗಾಲನ್ನು ಪಶ್ಚಿಮಕ್ಕೂ ಚಾಚಿಕೊಂಡು ನಿಂತಿದ್ದೆ. ನಿಂತಿದ್ದೆ ಅನ್ನುವುದು ಮರ್ಯಾದೆ ಉಳಿಸಿಕೊಳ್ಳುವ ಮಾತು. ಸಿಕ್ಕಿಹಾಕಿಕೊಂಡಿದ್ದೆ ಅನ್ನುವುದು ನಿಜ.

ಆಗಿದ್ದು ಇಷ್ಟು. ಸಕ್ಕರೆ ಕಾಯಿಲೆ ಬಂದಮೇಲೆ ಡಾಕ್ಟರು ದಿನಕ್ಕೆ ಮುಕ್ಕಾಲು ಗಂಟೆ ನಡೆಯಿರಿ ಅಂದರು. ನಡೆಯುವುದಕ್ಕೆ ಪಾರ್ಕು. ಆ ಪಾರ್ಕಿನ ನಡುವೆ ಈಚೆಗೆ ‘ಓಪನ್ ಜಿಮ್’ ಬಂದಿದೆ. ಹಳದಿ, ನೀಲಿ ಬಳಿದ ಕಬ್ಬಿಣದ ಸಾಮಾನುಗಳು. ದೂರದಿಂದ ನೋಡಿದರೆ ಯಾರೋ ಹಿಟ್ಟಿನ ಗಿರಣಿಯನ್ನು ಬಿಚ್ಚಿ, ಮತ್ತೆ ಜೋಡಿಸಲು ಬಾರದೆ ಹಾಗೇ ಬಿಟ್ಟುಹೋದಂತೆ ಕಾಣುತ್ತದೆ. ಅದರಲ್ಲೊಂದಕ್ಕೆ ಎರಡು ಪಾದುಕೆ. ಹತ್ತಿ ನಿಂತರೆ ಒಂದು ಮುಂದೆ, ಒಂದು ಹಿಂದೆ ಜೋಕಾಲಿಯ ಹಾಗೆ ತೂಗುತ್ತವೆ. ಎಷ್ಟು ನಡೆದರೂ ಎಲ್ಲಿಗೂ ಹೋಗುವುದಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದರ ಅಭ್ಯಾಸ ಇದ್ದೇ ಇದೆ ಅಂದುಕೊಂಡು ಹತ್ತಿದೆ. ಮೊದಲು ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋಯಿತು. ಐದನೆಯದರಲ್ಲಿ ಕಾಲುಗಳಿಗೂ ನನಗೂ ಭಿನ್ನಾಭಿಪ್ರಾಯ ಬಂತು. ಅವು ದೂರದೂರ ಹೋದವು. ಹತ್ತಿರ ಕರೆದರೆ ಬರಲೊಲ್ಲವು.

ಬೆಂಚಿನ ಮೇಲೆ ಪ್ರಾಣಾಯಾಮ ಮಾಡುತ್ತಿದ್ದವರು ಕಣ್ಣುಮುಚ್ಚಿದ್ದರು. ವಾಚ್‌ಮನ್ ಫೋನಿನಲ್ಲಿದ್ದ. ಕೊನೆಗೆ ನನ್ನ ಕೈಹಿಡಿದದ್ದು ಆರು ವರ್ಷದ ಒಂದು ಪುಟ್ಟ ಹುಡುಗಿ.

“ತಾತ, ಇಳಿಯೋಕ್ ಮುಂಚೆ ಎರಡೂ ಕಾಲು ಹತ್ರ ತರಬೇಕು.”

“ಗೊತ್ತು ಕಣಮ್ಮ, ಅವು ಬರ್ತಿಲ್ಲ.”

ಆಕೆ ನಿಟ್ಟುಸಿರು ಬಿಟ್ಟು, ಗೂಳಿಯ ಕೊಂಬು ಹಿಡಿಯುವವಳ ಹಾಗೆ ಹಿಂದಿನ ಪಾದುಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು. ನಾನು ಭೂಸ್ಪರ್ಶ ಮಾಡಿದೆ. ಮಂಡಿ ‘ಕಟ್’ ಅಂತು. ಅಷ್ಟರಲ್ಲಿ ವಾಚ್‌ಮನ್ ಬಂದು, ಎಲ್ಲ ಮುಗಿದಮೇಲೆ ಬರುವ ಸಿನಿಮಾ ಪೊಲೀಸರ ಧಾಟಿಯಲ್ಲಿ ಸೀಟಿ ಊದಿ ಗೇಟಿನ ಪಕ್ಕದ ಬೋರ್ಡು ತೋರಿಸಿದ. ಪಾರ್ಕಿನೊಳಗೆ ಏನೇನು ಮಾಡಬಾರದು ಎಂಬ ಪಟ್ಟಿ ಅದು: ಸೈಕಲ್ಲಿಲ್ಲ, ನಾಯಿಯಿಲ್ಲ, ಹುಲ್ಲು ತುಳಿಯುವಂತಿಲ್ಲ, ಹೂ ಕೀಳುವಂತಿಲ್ಲ. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ‘ಕಂದಕ ಕ್ರೀಡೆ ಕಡ್ಡಾಯವಾಗಿ ನಿಷೇಧಿಸಿದೆ’. ಕಂದಕ ಅಂದರೆ ಕೋಟೆಯ ಸುತ್ತ ಇರುತ್ತಲ್ಲ, ಅದು. ನಮ್ಮ ಪಾರ್ಕಿಗೆ ಕೋಟೆಯೂ ಇಲ್ಲ, ಕಂದಕವೂ ಇಲ್ಲ. ಆ ಸಾಲಿನ ಕಥೆ ಆಮೇಲೆ ಹೇಳುತ್ತೇನೆ. ಅದರಲ್ಲಿ ನನ್ನ ಕೈವಾಡವೂ ಇರುವುದರಿಂದ ಎಷ್ಟು ತಡವಾಗಿ ಹೇಳಿದರೆ ಅಷ್ಟು ಒಳ್ಳೆಯದು.

ಮಂಡಿ ನೀವಿಕೊಳ್ಳುತ್ತ ಕೂತಾಗ ಪಕ್ಕದ ಹೊಂಗೆ ಮರದ ಕಡೆ ನೋಡಿದೆ. ಬುಡದಲ್ಲಿ ಸೊಂಟ ತಿರುಗಿಸಿಕೊಂಡು ಮೇಲೆದ್ದ ಮರ. ಗುರುತು ಹತ್ತಿತು. 1976ರಲ್ಲಿ ಅದೇ ಹೊಂಗೆ ನಮ್ಮ ಬೌಲಿಂಗ್ ಎಂಡು. ಈಗ ಕಬ್ಬಿಣದ ಯಂತ್ರ ನನ್ನನ್ನು ತೂಗುಹಾಕಿದ್ದು ಹೆಚ್ಚುಕಡಿಮೆ ಗುಡ್‌ಲೆಂಗ್ತಿನ ಜಾಗದಲ್ಲಿ.

ಜಯನಗರದ ಒಂಬತ್ತನೇ ಬ್ಲಾಕಿನ ಆಸುಪಾಸು ನಮ್ಮ ಮನೆ. ಅಪ್ಪನಿಗೆ ಸೈಟು ಕೊಟ್ಟಿದ್ದು ‘ಟ್ರಸ್ಟ್ ಬೋರ್ಡು’. ಅದರ ಪೂರ್ತಿ ಹೆಸರು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. 1976ರಲ್ಲಿ ಅದು ಬಿಡಿಎ ಆದಮೇಲೂ ಅಪ್ಪ ಕಡೆಯವರೆಗೂ ಟ್ರಸ್ಟ್ ಬೋರ್ಡು ಅಂತಲೇ ಅನ್ನುತ್ತಿದ್ದ, ಹೆಸರು ಬದಲಾದರೆ ಎಲ್ಲಿ ಸೈಟು ವಾಪಸು ಕೇಳುತ್ತಾರೋ ಅನ್ನುವ ಭಯದಿಂದಲೋ ಏನೋ. ಮೂವತ್ತಕ್ಕೆ ನಲವತ್ತು. 1974ರಲ್ಲಿ ನಾವು ಗೃಹಪ್ರವೇಶ ಮಾಡಿದಾಗ ಬೀದಿಯಲ್ಲಿ ಐದೇ ಮನೆ. ಉಳಿದಿದ್ದೆಲ್ಲ ಖಾಲಿ ಸೈಟು. ಒಬ್ಬರು ಶಿವಮೊಗ್ಗದಲ್ಲಿದ್ದರು, ಒಬ್ಬರು ಬೊಂಬಾಯಿಯಲ್ಲಿ. ಒಬ್ಬರು ಮಗಳ ಮದುವೆಗೆ ಮಾರೋಣವೆಂದು ಬಿಟ್ಟಿದ್ದರು, ಮಗಳು ಆಗಿನ್ನೂ ನಮ್ಮ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಇವರೆಲ್ಲರ ಪುಣ್ಯದಿಂದ ನಮಗೆ ಹತ್ತೊಂಬತ್ತು ಸೈಟುಗಳ ಸಾಮ್ರಾಜ್ಯ.

ಖಾಲಿ ಸೈಟಿನಷ್ಟು ಒಳ್ಳೆಯ ಆಟದ ಮೈದಾನವನ್ನು ಇನ್ನೂ ಯಾವ ಇಂಜಿನಿಯರೂ ಕಟ್ಟಿಲ್ಲ. ಏಕೆಂದರೆ ಅದನ್ನು ಯಾರೂ ಕಟ್ಟಿರುವುದಿಲ್ಲ. ಇಲ್ಲಿ ಇಂಥದ್ದೇ ಆಡಬೇಕು ಅಂತ ಅದು ಹೇಳುವುದಿಲ್ಲ. ಸೈಟಿನ ಮೂಲೆಗಲ್ಲು ನಮ್ಮ ವಿಕೆಟ್ಟು. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತಿತ್ತು. ಹಾಗಾಗಿ ಅಂಪೈರ್ ‘ನೂರ ಹದಿನೇಳಕ್ಕೆ ಬಡೀತು, ಔಟು’ ಅಂತ ತೀರ್ಪು ಕೊಡಬಹುದಿತ್ತು. ಆಷಾಢದ ಗಾಳಿಗೆ ಗಾಳಿಪಟ, ರಜಕ್ಕೆ ಬುಗುರಿ, ಸಂಜೆ ಲಗೋರಿ. ಇಡೀ ಸಾಮ್ರಾಜ್ಯಕ್ಕೆ ಇದ್ದ ಒಂದೇ ವೈರಿ ಕಾಂಗ್ರೆಸ್ ಗಿಡ. ಮಳೆ ಬಿದ್ದರೆ ಎದೆಮಟ್ಟ ಬೆಳೆಯುತ್ತಿತ್ತು. ಚೆಂಡು ಹುಡುಕಿ ಬಂದವನು ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದ. ಯಾವ ಪಕ್ಷದ ಸರ್ಕಾರ ಬಂದರೂ ಅದು ಮಾತ್ರ ಸೋಲಲಿಲ್ಲ.

ಆಮೇಲೆ ಒಂದೊಂದೇ ಮನೆ ಏಳತೊಡಗಿತು. ಮನೆ ಕಟ್ಟುವಾಗ ನಮಗೇನೂ ಬೇಜಾರಿರಲಿಲ್ಲ, ಹಬ್ಬವೇ. ಮರಳು ಬಂದು ಬಿದ್ದರೆ ಲಾಂಗ್‌ಜಂಪು. ಸೈಜುಗಲ್ಲಿನ ರಾಶಿ ನಮ್ಮ ಚಿತ್ರದುರ್ಗ. ಪಾಯ ತೆಗೆದರೆ ಕಣ್ಣಾಮುಚ್ಚಾಲೆಗೆ ಅದಕ್ಕಿಂತ ಬೇರೆ ಜಾಗ ಬೇಕೆ? ಮೋಲ್ಡು ಹಾಕಿ, ಅದರ ಮೇಲೆ ಮಣ್ಣಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅದು ನಮ್ಮ ಈಜುಕೊಳ. ಎರಡಂಗುಲ ಆಳ. ನಾನು ಈಜು ಕಲಿತದ್ದು ಅಲ್ಲೇ. ಈಗಲೂ ಎರಡಂಗುಲ ಆಳದವರೆಗೆ ನನಗೆ ಯಾವ ಭಯವೂ ಇಲ್ಲ.

ತೊಂದರೆ ಶುರುವಾಗುತ್ತಿದ್ದದ್ದು ಗೃಹಪ್ರವೇಶದ ಮಾರನೆಯ ದಿನ. ಮನೆಯೊಳಗೆ ಜನ, ಜನದೊಳಗೆ ಕೋಪ. ಕ್ರಿಕೆಟ್ಟಿನ ಕಾಯಿದೆಗಳನ್ನು ಲಂಡನ್ನಿನಲ್ಲಿ ಬರೆದರು ಅನ್ನುತ್ತಾರೆ. ನಮ್ಮ ಕಾಯಿದೆಗಳನ್ನು ಬರೆದದ್ದು ಹೊಸ ಮನೆಗಳು. ಆಫ್ ಸೈಡಿಗೆ ನಿವೃತ್ತ ತಹಶೀಲ್ದಾರರು ಬಂದು ಗುಲಾಬಿ ಹಾಕಿದರು: ಗುಲಾಬಿಗೆ ತಾಗಿದರೆ ಔಟು, ಎರಡು ರನ್ ಕಟ್ಟು. ನೇರಕ್ಕೆ ಒಬ್ಬರು ಅಲ್ಸೇಷಿಯನ್ ಸಾಕಿದರು: ನೇರ ಹೊಡೆದವನೇ ಹೋಗಿ ತರಬೇಕು. ಹಾಗೆ ಒಂದು ವರ್ಷ ನಮ್ಮಲ್ಲಿ ಯಾರೂ ಸ್ಟ್ರೈಟ್ ಡ್ರೈವ್ ಮಾಡಲಿಲ್ಲ. ಎಡಕ್ಕೆ ‘ಕಿಟಕಿ ಅಜ್ಜಿ’ ಬಂದಮೇಲಂತೂ ಒಂದೇ ಕಾಯಿದೆ ಉಳಿಯಿತು: ಕಾಂಪೌಂಡು ದಾಟಿದರೆ ಔಟು. ಜಗತ್ತಿನಲ್ಲೆಲ್ಲ ಬೌಂಡರಿ ದಾಟಿದರೆ ಆರು ರನ್ನು, ಚಪ್ಪಾಳೆ; ನಮ್ಮಲ್ಲಿ ಔಟು, ಬೈಗುಳ. ಎತ್ತಿ ಹೊಡೆಯದೆ ನೆಲಕ್ಕೇ ತಳ್ಳಿ ಬದುಕುವುದನ್ನು ನಾನು ಕಲಿತದ್ದು ಹೀಗೆ. ಬ್ಯಾಂಕಿನಲ್ಲಿ ಪ್ರಮೋಷನ್ ಬರದಿದ್ದಕ್ಕೆ ಇದನ್ನೇ ಕಾರಣವಾಗಿ ಹೆಂಡತಿಗೆ ಹೇಳಿ ನೋಡಿದ್ದೇನೆ, ಆಕೆ ಒಪ್ಪಿಲ್ಲ.

ಕಿಟಕಿ ಅಜ್ಜಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಸರಳಿನ ಹಿಂದೆ, ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಚೆಂಡು ಅವರ ಕಾಂಪೌಂಡಿಗೆ ಬಿದ್ದರೆ ಕಥೆ ಮುಗಿದಂತೆ. ಎದ್ದು ಬಂದು, ಸೆರಗಿನಲ್ಲಿ ಒರೆಸಿ, ಒಳಗೆ ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬದಲ್ಲಿ ಹಾಕಿಬಿಡುತ್ತಿದ್ದರು. ಬೇಡಿದರೂ ಇಲ್ಲ, ಅತ್ತರೂ ಇಲ್ಲ. ಆದರೆ ಸಂಕ್ರಾಂತಿಯ ಸಂಜೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಎಳ್ಳುಬೆಲ್ಲ, ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು, ಅದರ ಜೊತೆಗೆ ವರ್ಷವಿಡೀ ಕೂಡಿಟ್ಟ ಚೆಂಡುಗಳನ್ನೂ ಬೀರುತ್ತಿದ್ದರು. ಒಂದು ವರ್ಷ ಹನ್ನೊಂದು ಬಂದವು. ಎಳ್ಳು ತಿಂದು ಒಳ್ಳೆ ಮಾತಾಡುವುದು ಆ ದಿನ ನಮಗೆ ಸ್ವಲ್ಪವೂ ಕಷ್ಟವಾಗುತ್ತಿರಲಿಲ್ಲ.

ಎಲ್ಲಿಂದ ಎಲ್ಲಿಗೋ ಬಂದೆ. ಜಯನಗರದಲ್ಲಿ ದಾರಿ ತಪ್ಪುವುದು ಮಾತಿಗೂ ಸಹಜ, ಕಾಲಿಗೂ ಸಹಜ. 1948ರಲ್ಲಿ ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದಾಗ ಬಂದು ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು. ಅದರ ನೆನಪಿಗೆ ಅಶೋಕ ಪಿಲ್ಲರ್ ಇದೆ, ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ ನೆನಪಿಗೆ ಹೆಸರಿದೆ. ಅಳೆದು, ಗೆರೆ ಎಳೆದು ಮಾಡಿದ ಊರು. ಆದರೂ ನೋಡಿ, ‘ಸೌತ್ ಎಂಡ್ ಸರ್ಕಲ್’ ಇರುವುದು ಜಯನಗರದ ಉತ್ತರಕ್ಕೆ. ಆ ಹೆಸರಿಟ್ಟಾಗ ಊರಿನ ದಕ್ಷಿಣ ಕೊನೆ ಅದೇ ಆಗಿತ್ತಂತೆ. ಹೊಸಬರು ಅಲ್ಲಿಳಿದು ನೋಡಿದರೆ ಇಡೀ ಜಯನಗರ ಅದರ ದಕ್ಷಿಣಕ್ಕೆ ಚಾಚಿಕೊಂಡಿದೆ. ಮೆಟ್ರೊ 2017ರಲ್ಲಿ ಆ ಕೊನೆಯನ್ನು ಯಲಚೇನಹಳ್ಳಿಗೆ ಒಯ್ದಿತು, 2021ರಲ್ಲಿ ರೇಷ್ಮೆ ಸಂಸ್ಥೆಗೆ. ಸೌತ್ ಎಂಡಿನಲ್ಲಿ ಹತ್ತಿದರೆ ಇನ್ನೂ ಮುಕ್ಕಾಲುಪಾಲು ಸೌತು ಬಾಕಿ ಇರುತ್ತದೆ. ಕೆಂಪೇಗೌಡರ ಗೋಪುರವೊಂದು ಲಾಲ್‌ಬಾಗಿನ ಬಂಡೆಯ ಮೇಲಿದೆಯಲ್ಲ, ಊರು ಇಷ್ಟೇ ಬೆಳೆಯಲಿ ಅಂತ ನೆಟ್ಟದ್ದು ಅನ್ನುತ್ತಾರೆ. ಆ ಲೆಕ್ಕದಲ್ಲಿ ನಾವೆಲ್ಲ ಕಾಂಪೌಂಡು ದಾಟಿ ಬಿದ್ದ ಚೆಂಡುಗಳು. ನಮ್ಮ ಕಾಯಿದೆಯ ಪ್ರಕಾರ ಔಟು.

ನಮ್ಮ ಪಕ್ಕದ ಬಿಟಿಎಂ ಬಡಾವಣೆಯನ್ನೇ ತೆಗೆದುಕೊಳ್ಳಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ಆ ಹೆಸರು ಮಾಡಿದ್ದಾರೆ. ಒಂದು ಇಡೀ ತಾವರೆಯ ಕೆರೆಯನ್ನು ‘ಟಿ’ ಎಂಬ ಒಂದಕ್ಷರದೊಳಗೆ ತುಂಬಿಸಿದ ಚಾತುರ್ಯವನ್ನು ನಾನು ಎಷ್ಟೋ ಸಲ ಸಿಗ್ನಲ್ಲಿನಲ್ಲಿ ನಿಂತು ಮೆಚ್ಚಿಕೊಂಡಿದ್ದೇನೆ. ಮೆಚ್ಚುವುದಕ್ಕೆ ಬೇಕಾದಷ್ಟು ಹೊತ್ತು ಆ ಸಿಗ್ನಲ್ಲು ಕೊಡುತ್ತದೆ.

ಕೆರೆಯ ಮಾತು ಬಂತಲ್ಲ. ಬೆಂಗಳೂರಿನವರು ಎಲ್ಲಿ ಆಡುತ್ತಾರೆ ಅಂತ ಯಾರಾದರೂ ಕೇಳಿದರೆ, ಕೆರೆಯಲ್ಲಿ ಅಂತ ಹೇಳಬಹುದು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಶಾಸ್ತ್ರಕ್ಕೆ ಬೇಕಲ್ಲ ಅಂತ ಆ ಕೆರೆಯ ಒಂದು ಚಿಕ್ಕ ತುಣುಕು ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಆಟಗಾರರಿಗೆ ಮನೆಗಳೆದ್ದವು. ಆಟಗಾರರು ಹೋದರು, ಮನೆಗಳೂ ‘ಗೇಮ್ಸ್ ವಿಲೇಜ್’ ಎಂಬ ಹೆಸರೂ ನಿಂತವು. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್. ಗಾಲ್ಫಿಗೆ ನಡುನಡುವೆ ನೀರಿನ ಹೊಂಡಗಳಿರಬೇಕಂತೆ, ಚೆಂಡು ಬಿದ್ದು ಆಟಗಾರ ಪರದಾಡಲಿ ಅಂತ. ಕೆರೆ ಹೋದ ಜಾಗದಲ್ಲಿ ಹೊಂಡ ತೋಡುವ ಕೆಲಸವನ್ನು ನಮ್ಮ ಹಳ್ಳಿಯ ಕಡೆ ಯಾರಾದರೂ ಮಾಡಿದ್ದರೆ ಅವನ ತಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದರು. ಇನ್ನು ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಯಾರೂ ಆಡುವುದಿಲ್ಲ. ಸಂಜೆ ಆರಕ್ಕೆ ಬಸ್ಸು ಹತ್ತುವುದನ್ನು ಆಟವೆನ್ನುವುದಾದರೆ ಮಾತ್ರ ಅಡ್ಡಿಯಿಲ್ಲ.

ಇದನ್ನೆಲ್ಲ ಹೇಳಿ ಹಲುಬುವಾಗ ನನಗೊಬ್ಬ ಮುದುಕ ನೆನಪಿಗೆ ಬಂದು ಬಾಯಿ ಕಟ್ಟುತ್ತಾನೆ. ನಾವು ಬಂದ ಹೊಸತರಲ್ಲಿ ಮಾರೇನಹಳ್ಳಿ ಕಡೆಯಿಂದ ಒಬ್ಬ ತಾತ ಎರಡು ಎಮ್ಮೆ ಹೊಡೆದುಕೊಂಡು ಬರುತ್ತಿದ್ದ. ಎಮ್ಮೆಗಳನ್ನು ನಮ್ಮ ಸಾಮ್ರಾಜ್ಯದೊಳಗೆ ಬಿಟ್ಟು, ಕಂಬಳಿ ಮಡಿಸಿ ನಮ್ಮ ಮನೆಯ ಮೆಟ್ಟಿಲ ಮೇಲೆ ಹಾಕಿಕೊಂಡು ಕೂರುತ್ತಿದ್ದ. ಅಮ್ಮ ಮಜ್ಜಿಗೆ ಕೊಡುತ್ತಿದ್ದಳು. ಒಂದು ದಿನ ಕುಡಿದು ಲೋಟ ತೊಳೆದಿಟ್ಟವನು ಒಳಗೆ ಬಗ್ಗಿ ನೋಡಿ ಹೇಳಿದ:

“ಇಲ್ಲೆಲ್ಲ ನಮ್ದೇ ಇತ್ತು ಕಣವ್ವಾ. ಅತ್ಲಾಗೆ ರಾಗಿ, ನಡುಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ. ನಿಮ್ ದೇವ್ರಮನೆ ಐತಲ್ಲ, ಆ ತಾವ್ಲೇ ಕಣ ಮಾಡ್ತಿದ್ವಿ. ಬೋಲ್ಡ್‌ನೋರು ತಗಂಡ್ರು.”

ಬೋರ್ಡನ್ನು ಅವನು ಬೋಲ್ಡ್ ಅನ್ನುತ್ತಿದ್ದ. ನಾನು, ಹನ್ನೊಂದು ವರ್ಷದ ಕ್ರಿಕೆಟ್ ಹುಚ್ಚ, ಕಿಸಕ್ಕೆಂದು ನಕ್ಕೆ. ಅಮ್ಮ ನಗಲಿಲ್ಲ. ಅಂದಿನಿಂದ ಅವಳು ದೇವರಮನೆಯನ್ನು ಸ್ವಲ್ಪ ಮೆತ್ತಗೆ ಗುಡಿಸುತ್ತಿದ್ದಳು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ನಾವು ಖಾಲಿ ಸೈಟು ಅಂದುಕೊಂಡಿದ್ದು ಖಾಲಿ ಆಗಿರಲಿಲ್ಲ. ಒಬ್ಬರು ಎದ್ದುಹೋಗಿ ಇನ್ನೊಬ್ಬರು ಬಂದು ಕೂರುವ ನಡುವಿನ ಪುರಸೊತ್ತಿನಲ್ಲಿ ನಾವು ಆಡಿಕೊಂಡಿದ್ದೆವು, ಅಷ್ಟೆ. ತಾತ ಆಮೇಲೆ ಬರುವುದು ನಿಂತಿತು. ಮೊದಲು ಎಮ್ಮೆಗಳು ನಿಂತವೋ ತಾತ ನಿಂತನೋ ನೆನಪಿಲ್ಲ.

ನೆಲದ ಮೇಲಿನ ಆಟಗಳು ಹೀಗೆ ಸಣ್ಣದಾಗುತ್ತ ಬಂದಾಗ ನಾವು ಕತ್ತಲೆಯೊಳಗಿನ ಆಟಕ್ಕೆ ಹೊರಟೆವು. ಸಿನಿಮಾ. ನಂದಾ, ಶಾಂತಿ, ಸ್ವಾಗತ್. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಥಿಯೇಟರು. ಆ ಕಾಂಪ್ಲೆಕ್ಸಿಗೆ ಒಮ್ಮೆ ಹೋದರೆ ಬದನೆಕಾಯಿ ಕೊಂಡು, ಚಪ್ಪಲಿ ಹೊಲಿಸಿ, ಸೀರೆಗೆ ಫಾಲ್ ಹಾಕಲು ಕೊಟ್ಟು, ಸಿನಿಮಾ ನೋಡಿ, ಬದನೆಕಾಯನ್ನು ಸೀಟಿನ ಕೆಳಗೇ ಮರೆತು ಬರಬಹುದಿತ್ತು. ನಾವು ಹಾಗೆ ಬಹಳ ಸಲ ಬಂದಿದ್ದೇವೆ. ಈಗ ಪುಟ್ಟಣ್ಣ ಥಿಯೇಟರಿಲ್ಲ, ಕೆಡವಿದರು. ಸ್ವಾಗತ್ ಮಾಲ್ ಆಯಿತು. ಹೊಸ ಹೆಸರಿನೊಳಗೆ ಹಳೆಯ ಸ್ವಾಗತವನ್ನು ಉಳಿಸಿಕೊಂಡಿದ್ದಾರೆ, ಅಷ್ಟು ದೊಡ್ಡತನ. ನಂದಾ ಥಿಯೇಟರಿಲ್ಲ, ನಂದಾ ರೋಡಿದೆ. ನಮ್ಮೂರಲ್ಲಿ ಥಿಯೇಟರಿಗೆ ಮೋಕ್ಷ ಸಿಗುವುದು ಹೀಗೆ: ದೇಹ ಹೋಗುತ್ತದೆ, ಆಟೊ ಡ್ರೈವರಿನ ಬಾಯಲ್ಲಿ ಹೆಸರು ಉಳಿಯುತ್ತದೆ. ಆ ನಂದಾ ರೋಡಿನ ನಡುವೆ ಲಕ್ಷ್ಮಣರಾವ್ ಪಾರ್ಕು ಅಂತ ಉದ್ದನೆಯದೊಂದು ಹಸಿರು ಪಟ್ಟಿ ಇತ್ತು, ಸರಿಗೆ ಪಂಚೆಯ ಅಂಚಿನ ಹಾಗೆ. 2009ರಲ್ಲಿ ಮೆಟ್ರೊ ಅದರ ಮೇಲೆ ಬರುತ್ತದೆ ಅಂದಾಗ ಜನ ಮರ ತಬ್ಬಿಕೊಂಡು ನಿಂತರು. ನಾನೂ ಒಂದು ದಿನ ಹೋಗಿದ್ದೆ. ಅರ್ಧ ಗಂಟೆ ನಿಂತೆ, ಕಾಲು ನೋವು ಬಂತು, ವಾಪಸು ಬಂದೆ. ಈಗ ಮೆಟ್ರೊದಲ್ಲಿ ಅಲ್ಲೇ ಕಿಟಕಿ ಪಕ್ಕ ಕೂತು, ಉಳಿದ ಮರಗಳ ನೆತ್ತಿ ನೋಡುತ್ತ, ಎಷ್ಟು ಅನುಕೂಲ ಅಂತ ಹೆಂಡತಿಗೆ ಹೇಳುತ್ತೇನೆ. ಆಕೆ ನನ್ನ ಮುಖ ನೋಡುತ್ತಾಳೆ.

ಜನ ಎದ್ದು ನಿಂತರೆ ಗೆಲ್ಲುವುದೇ ಇಲ್ಲ ಅಂತೇನಿಲ್ಲ. ಸದಾಶಿವನಗರದ ಕಡೆ ಪಾರ್ಕಿಗೆಂದು ಮೀಸಲಿಟ್ಟ ಜಾಗವೊಂದಿತ್ತು, ‘ಲೋ ಲೆವೆಲ್ ಪಾರ್ಕು’ ಅಂತ. ಮೇಲಿನವರ ಅಪ್ಪಣೆಯಾಗಿ ಅದು ಖಾಸಗಿ ನರ್ಸಿಂಗ್ ಹೋಮಿಗೆ ಹೋಯಿತು. ಬಡಾವಣೆಯವರು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೆ ಒಳ್ಳೆಯದೇ ಅಲ್ಲವೇ ಅನ್ನುವುದು ಎದುರು ಪಕ್ಷದ ವಾದ. 1991ರಲ್ಲಿ ಸುಪ್ರೀಂ ಕೋರ್ಟು, ಪಾರ್ಕಿಗೆ ಬಿಟ್ಟ ಜಾಗ ಪಾರ್ಕಿಗೇ ಅಂತ ತೀರ್ಪು ಕೊಟ್ಟಿತು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಆ ಪಾರ್ಕನ್ನು ಓದುತ್ತಾರೆ. ಹೆಸರು ಲೋ ಲೆವೆಲ್ಲು, ಹೋದದ್ದು ಎಲ್ಲಕ್ಕಿಂತ ಎತ್ತರದ ಕೋರ್ಟಿಗೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರದ್ದೇ ಒಂದು ಕಾಯಿದೆಯೂ ಇದೆ. ಆದ್ದರಿಂದ ಈಗ ಪಾರ್ಕನ್ನು ಅಷ್ಟು ಸುಲಭವಾಗಿ ಯಾರೂ ನುಂಗಲಾರರು. ಅದರೊಳಗೆ ಏನು ಮಾಡಬಾರದು ಅಂತ ಬೋರ್ಡು ಹಾಕಬಹುದು, ಅಷ್ಟೆ.

ಸರಿ, ಇನ್ನು ಬೋರ್ಡಿನ ವಿಷಯ ಹೇಳದೆ ಗತ್ಯಂತರವಿಲ್ಲ.

ಹತ್ತೊಂಬತ್ತೂ ಸೈಟಿನಲ್ಲಿ ಮನೆಗಳೆದ್ದು ನಮ್ಮ ಸಾಮ್ರಾಜ್ಯ ಮುಳುಗಿದಮೇಲೂ ಹೊಂಗೆ ಮರದ ಜಾಗ ಮಾತ್ರ ಉಳಿದಿತ್ತು. ಏಕೆಂದರೆ ಅದು ಸಿ.ಎ. ಸೈಟು. ಸಾರ್ವಜನಿಕರ ಉಪಯೋಗಕ್ಕೆಂದು ನಕ್ಷೆಯಲ್ಲೇ ಬಿಟ್ಟದ್ದು. ಯಾವ ಉಪಯೋಗಕ್ಕೆ ಅಂತ ಸಾರ್ವಜನಿಕರು ಇಪ್ಪತ್ತೈದು ವರ್ಷ ಜಗಳವಾಡಿದರು. ಕಲ್ಯಾಣಮಂಟಪ ಬೇಕೆಂದವರಿಗೆ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ದೇವಸ್ಥಾನ ಬೇಕೆಂದವರಿಗೆ ಮದುವೆಗೆ ಒಪ್ಪದ ಗಂಡುಮಕ್ಕಳಿದ್ದರು. ಲೈಬ್ರರಿ ಬೇಕೆಂದವನು ನಾನೊಬ್ಬನೇ. ಅಷ್ಟೂ ವರ್ಷ, ದೊಡ್ಡವರ ಜಗಳದ ಮರೆಯಲ್ಲಿ, ಬೀದಿಯ ಎರಡು ತಲೆಮಾರಿನ ಹುಡುಗರು ಅಲ್ಲಿ ನೆಮ್ಮದಿಯಾಗಿ ಆಡಿಕೊಂಡರು. ಕೊನೆಗೆ ಯಾರಿಗೂ ಗೆಲುವಾಗದಂತೆ ಪಾರ್ಕು ಅಂತ ತೀರ್ಮಾನವಾಯಿತು. ಬೇಲಿ ಬಂತು, ಇಂಟರ್‌ಲಾಕ್ ಇಟ್ಟಿಗೆಯ ದಾರಿ ಬಂತು. ನಡುವೆ ಒಂದಿಷ್ಟು ಬಯಲು ಬಿಟ್ಟಿದ್ದರು. ಹುಡುಗರು ಅಲ್ಲೇ ಮುಂದುವರಿಸಿದರು.

ಅದೇ ತಿಂಗಳು ನಾನು ಕಾರು ಕೊಂಡೆ. ಜೀವಮಾನದ ಮೊದಲ ಕಾರು. ಪೂಜೆ ಮಾಡಿಸಿ, ಚಕ್ರದ ಕೆಳಗಿನ ನಿಂಬೆಹಣ್ಣು ಒಣಗುವ ಮುಂಚೆ, ಪಾರ್ಕಿನಿಂದ ಹಾರಿಬಂದ ಚೆಂಡೊಂದು ಹಿಂದಿನ ಗಾಜು ಒಡೆಯಿತು. ನನಗೆ ಎಲ್ಲಿಲ್ಲದ ಕೋಪ ಬಂತು. ಕೋಪ ಬಂದರೆ ನಾನು ಬೈಯುವುದಿಲ್ಲ, ಅರ್ಜಿ ಬರೆಯುತ್ತೇನೆ; ಬ್ಯಾಂಕಿನ ಸಂಸ್ಕಾರ. ಬೀದಿಯವರೆಲ್ಲರ ಪರವಾಗಿ ಬರೆದೆ. ಬರೀ ‘ಚೆಂಡಾಟ’ ಅಂದರೆ ತೂಕ ಸಾಲದೆಂದು ನಿಘಂಟು ತೆಗೆದು, ‘ಸದರಿ ಉದ್ಯಾನವನದಲ್ಲಿ ಕಂದುಕಕ್ರೀಡೆಯನ್ನು ಕಡ್ಡಾಯವಾಗಿ ನಿಷೇಧಿಸತಕ್ಕದ್ದು’ ಅಂತ ಬರೆದೆ. ಕೆಳಗೆ ಮೂವತ್ತೆರಡು ಸಹಿ, ಮೊದಲನೆಯದು ನನ್ನದು. ಅರ್ಜಿ ಮಂಜೂರಾಗಿ ಬೋರ್ಡು ಬರೆಯುವವನ ಕೈಗೆ ಹೋಯಿತು. ಪಾಪ, ಕಂದುಕ ಎಂಬುದನ್ನು ಅವನೆಲ್ಲಿ ಕೇಳಿದ್ದ? ಯಾರೋ ವಯಸ್ಸಾದವರು ಕೊಂಬು ಹೆಚ್ಚಿಗೆ ಎಳೆದಿದ್ದಾರೆ ಅಂದುಕೊಂಡು ತಾನೇ ತಿದ್ದಿ ‘ಕಂದ’ಕ್ಕೆ ‘ಕ’ ಸೇರಿಸಿದ. ಹುಡುಗರಿಗೆ ಅದು ಅರ್ಥವಾಗದೆ ಒಂದು ವಾರ ಆಡಿದರು. ಆಮೇಲೆ ಅವನನ್ನೇ ಮತ್ತೆ ಕರೆಸಿ, ಕೆಳಗೆ ಒಂದು ಚೆಂಡು ಬರೆಸಿ, ಅದರ ಮೇಲೆ ಕೆಂಪು ಅಡ್ಡಗೆರೆ ಎಳೆಸಿದರು. ಅದು ಎಲ್ಲರಿಗೂ ಅರ್ಥವಾಯಿತು. ಖಾಲಿಯಾದ ಆ ನಡುಬಯಲಿನಲ್ಲಿ ಏನಾದರೂ ಇರಲಿ ಅಂತ ಬಂದದ್ದೇ ನನ್ನನ್ನು ಹಿಡಿದುಕೊಂಡ ಕಬ್ಬಿಣದ ಪಾದುಕೆ.

ಹುಡುಗರು ಈಗ ರಸ್ತೆಯಲ್ಲಿ ಆಡುತ್ತಾರೆ, ನಿಲ್ಲಿಸಿದ ಕಾರುಗಳ ಎರಡು ಸಾಲಿನ ನಡುವೆ, ಒಂದು ಮಾರು ಅಗಲದಲ್ಲಿ. ಬೈಕು ಬಂದರೆ ಸ್ಟಂಪು ಎತ್ತಿ ನಿಲ್ಲುತ್ತಾರೆ, ಹೋದಮೇಲೆ ಇಟ್ಟುಕೊಳ್ಳುತ್ತಾರೆ. ಕಾರಿಗೆ ತಾಗಿದರೆ ಔಟು, ಕಾರಿನ ಅಲಾರಂ ಹೊಡೆದುಕೊಂಡರೆ ಇಡೀ ಟೀಮೇ ಔಟಂತೆ, ಏಕೆಂದರೆ ಎಲ್ಲರೂ ಓಡಿಹೋಗುತ್ತಾರೆ.

ಮಂಗಳವಾರ ಮಧ್ಯಾಹ್ನಕ್ಕೆ ಮಂಡಿ ಊದಿತು. ಮಗಳು ಪುಣೆಯಿಂದಲೇ ಫೋನಿನಲ್ಲಿ ಮಂಡಿಗೆ ಹಾಕುವ ಪಟ್ಟಿಯೊಂದನ್ನು ತರಿಸಲು ಹೇಳಿದಳು. ಬುಧವಾರ ಸಂಜೆ ಡೆಲಿವರಿ ಹುಡುಗನ ಕರೆ ಬಂತು.

“ಸಾರ್, ಲೊಕೇಶನ್ ಸರಿಯಾಗ್ ತೋರಿಸ್ತಿಲ್ಲ. ಲ್ಯಾಂಡ್‌ಮಾರ್ಕ್ ಏನಾದ್ರೂ ಹೇಳಿ.”

ಲ್ಯಾಂಡ್‌ಮಾರ್ಕಿನ ವಿಷಯದಲ್ಲಿ ನನ್ನಷ್ಟು ಶ್ರೀಮಂತ ಯಾರಿದ್ದಾನೆ? ಆದರೆ ಬಾಯಿ ತೆರೆದರೆ ಬರುವುದೆಲ್ಲ ಇಲ್ಲದ್ದು. ಕಿಟಕಿ ಅಜ್ಜಿ ಮನೆ ಈಗ ನಾಲ್ಕಂತಸ್ತಿನ ಫ್ಲ್ಯಾಟು, ಅದಕ್ಕೆ ನೂರಾರು ಕಿಟಕಿ, ಒಂದರಲ್ಲೂ ಅಜ್ಜಿಯಿಲ್ಲ. ತಹಶೀಲ್ದಾರರ ಗುಲಾಬಿಯ ಜಾಗದಲ್ಲಿ ಹೆಣ್ಣುಮಕ್ಕಳ ಪಿ.ಜಿ. “ಪಾರ್ಕ್ ಹತ್ರ ಬಾಪ್ಪ” ಅಂದೆ.

“ಯಾವ್ ಪಾರ್ಕ್ ಸಾರ್? ಇಲ್ಲಿ ಎಲ್ಲಾ ರೋಡಲ್ಲೂ ಪಾರ್ಕಿದೆ.”

“ಕಂದಕ ಕ್ರೀಡೆ ಅಂತ ಬೋರ್ಡಿದೆ ನೋಡು...”

“ಏನ್ ಸಾರ್?”

ಅವನು ಫೋನು ಕೆಳಗೆ ಹಿಡಿದು ಯಾರನ್ನೋ ಕೇಳುವುದು ಕೇಳಿಸಿತು: “ಏಯ್, ಇಪ್ಪತ್ತಾರನೇ ನಂಬರ್ ಮನೆ ಎಲ್ರೋ ಬರುತ್ತೆ?” ಒಂದು ಎಳೆಯ ಗಂಟಲು, ಒಂದು ಗಳಿಗೆಯೂ ತಡವಿಲ್ಲದೆ, ಉತ್ತರ ಕೊಟ್ಟಿತು:

“ಬಾಲ್ ಕೊಡಲ್ಲ ಅಂಕಲ್ ಮನೇನಾ ಅಣ್ಣ? ಅಲ್ಲೇ, ಲೆಫ್ಟಲ್ಲಿ ಲಾಸ್ಟು, ಹಳೇ ಗೇಟು.”

ಎರಡು ನಿಮಿಷಕ್ಕೆ ಬೈಕು ಗೇಟಿನ ಮುಂದೆ ಬಂದು ನಿಂತಿತು. ಒಟಿಪಿ ಹೇಳಿ ಪೊಟ್ಟಣ ಇಸಿದುಕೊಂಡೆ. ಹುಡುಗ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಏನೂ ಅನ್ನದೆ ಹೊರಟ. ಕುಂಟುತ್ತ ಒಳಗೆ ಬಂದವನು ಚಪ್ಪಲಿ ಗೂಡಿನ ಮುಂದೆ ನಿಂತೆ. ಮೇಲಿನ ಅರೆಯಲ್ಲಿ, ಹಳೆಯ ಕ್ಯಾನ್ವಾಸ್ ಶೂಗಳ ಹಿಂದೆ, ನಾಲ್ಕು ಟೆನಿಸ್ ಚೆಂಡು. ಒಂದಕ್ಕೆ ಯಾರೋ ನೀಲಿ ಪೆನ್ನಿನಲ್ಲಿ ತಮ್ಮ ಹೆಸರು ಬರೆದಿದ್ದರು.

ಅಡುಗೆಮನೆಯಿಂದ ಹೆಂಡತಿ ಕೇಳಿದಳು, “ಏನ್ರೀ, ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿದೆ. ಅಲ್ಲೀವರ್ಗೂ ಇಟ್ಕೋತೀರಾ?”